ಕಡಲೆ ಬೀಜೋಪಚಾರ ಕಲಿಸಿದ ತಂಗಿಗೆ

ಧಾರವಾಡ ಕೃಷಿ ವಿಶ್ವವಿದ್ಯಾಲಯದಿಂದ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ನಮ್ಮೂರಿನಲ್ಲಿ ಉಳಿದಿದ್ದ ಅಂತಿಮ ವರ್ಷದ ತಂಡದಲ್ಲಿ ನೀನಿದ್ದೆ. ಹೆಸರು ಕೇಳಿಕೊಳ್ಳುವ ಮೊದಲೇ ನಿಮ್ಮ ಅವಧಿ ಮುಗಿದಿತ್ತು.

ಗುಡಿಯ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿದಿರಿ. ಎರೆಭೂಮಿ ಎಲ್ಲಿ, ನೀರು ನಿಲ್ಲುವುದೆಲ್ಲಿ ಎಂದು ಹೇಳಿದವರು ನಮ್ಮ ಹಿರಿಯರು, ಕೇಳಿ ಗೆರೆ ಎಳೆದವರು ನೀವು. ವಿಶ್ವವಿದ್ಯಾಲಯ ಹಳ್ಳಿಗೆ ಬರುವುದಾದರೆ ಹೀಗೆಯೇ ಬರಬೇಕು.

ನಮ್ಮ ಹೊಲದಲ್ಲಿ ಕಡಲೆ ಸೊರಗುತ್ತಿತ್ತು. ನೀನು ಒಣಗಿದ ಗಿಡವೊಂದನ್ನು ಕಿತ್ತು, ಕಾಂಡವನ್ನು ಉದ್ದಕ್ಕೆ ಸೀಳಿ, ಒಳಗಿನ ಕಂದು ಗೆರೆ ತೋರಿಸಿದೆ. ರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ ಎಂದೆ. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಎಂಬ, ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತುವುದನ್ನು ಅವ್ವನ ಕೈಯಿಂದಲೇ ಮಾಡಿಸಿದೆ. ಸಭೆಗೆ ಬಾರದ ಹೆಂಗಸರಿಗಾಗಿ ಅಂಗಳಕ್ಕೇ ಬಂದೆಯಲ್ಲ, ಅದನ್ನು ಮರೆಯಲಾರೆ. ನಮ್ಮಲ್ಲಿ ಬೀಜ ಹಸನು ಮಾಡಿ ಕಾಯ್ದಿಡುವವರು ಅವರೇ.

ಈಗ ಹಿಂಗಾರಿಗೆ ಅಕ್ಕಪಕ್ಕದ ಮನೆಯವರೂ ಅವ್ವನನ್ನು ಕೇಳಿಕೊಂಡು ಬೀಜೋಪಚಾರ ಮಾಡುತ್ತಾರೆ. ಗಿಡ ಸಾಯುವುದು ಬಹಳ ಕಡಿಮೆಯಾಗಿದೆ. ಎಲ್ಲಿದ್ದರೂ ಚೆನ್ನಾಗಿರು, ತಂಗಿ. ನಮ್ಮ ಮನೆಯವರೆಲ್ಲರ ಮನಸಾರೆ ಧನ್ಯವಾದ.