ದೋಸ್ತ, ನಿಮ್ಮೂರ ಬಿಸಿಲಿಗೆ ಶರಣು

ಲೇ ದೋಸ್ತ,

ನೀ ಪುಣೆದಾಗ ಎಸಿ ರೂಮಿನಾಗ ಕುಂತು "ಮೇ ತಿಂಗ್ಳಾಗ ಯಾರರ ರಾಯಚೂರಿಗೆ ಟೂರ್ ಹೋಗ್ತಾರೇನಲೇ" ಅಂತ ನಕ್ಕಿದ್ದಿ ನೋಡು, ಹೋಗಿ ಬಂದ್ವಿ. ಅದೂ ಬಸ್ಸಿನಾಗ ಅಲ್ಲ, ಬೆಂಗಳೂರಾಗ ಬಾಡಿಗಿ ತಗೊಂಡ ಮೋಟರ್‌ಹೋಮ್‌ದಾಗ. ಹಾಸಿಗಿ, ಗ್ಯಾಸ್ ಕಟ್ಟಿ, ಫ್ರಿಡ್ಜು, ಸಂಡಾಸು, ಎಲ್ಲಾ ಗಾಡಿಯೊಳಗ. ಹುಡುಗ್ರಿಗೆ ರಜಾ, ನಮ್ಮನಿಯಾಕಿಗೆ ಭಾಳ ದಿನದ ಆಸೆ, ನನಗ ನಿಮ್ಮೂರ ಕೋಟೆ ನೋಡೋದಿತ್ತು, ಮುಗೀತು.

ಮಂತ್ರಾಲಯದಾಗ ರಾಯರ ದರ್ಶನ ಮುಗಿಸಿ ತುಂಗಭದ್ರಾ ದಾಟಿ ಬರೋತ್ತಿಗೆ ಹನ್ನೊಂದು ಹೊಡದಿತ್ತು, ಹೊಳ್ಯಾಗ ನೀರಿಗಿಂತ ಉಸುಕು ಬಂಡಿನ ಜಾಸ್ತಿ. ಎರಡು ಹೊಳಿ ನಡುವಿನ ನಾಡು, ಎಡದೊರೆ ಅಂತ ಸಾಲ್ಯಾಗ ಬಾಯಿಪಾಠ ಮಾಡಿದ್ವಿ, ಆದ್ರ ಗಾಳಿ ಮಾತ್ರ ಒಲಿ ಬಾಯಿಂದ ಬಂದಂಗ ಬರ್ತಿತ್ತು. ಬಸ್ ಸ್ಟ್ಯಾಂಡ್ ಕಡೆ ಒಂದು ಬೇವಿನ ಗಿಡ ನೋಡಿ ಗಾಡಿ ನಿಲ್ಲಿಸಿದ್ವಿ ನೋಡು, ಎರಡ ನಿಮಿಷದಾಗ ಸುತ್ತ ಮಂದಿ. "ಒಳಗ ಯಾವ ಹೀರೋ ಅದಾನ್ರೀ?" ಅಂತ ಕೇಳೋರು ಕೆಲವ್ರು, ಕಿಟಕಿಗೆ ಮುಖ ಹಚ್ಚಿ ಇಣುಕೋ ಹುಡುಗ್ರು ಕೆಲವ್ರು, ಒಬ್ಬ ಅಜ್ಜ ಅಂತೂ ಇದು ಕಣ್ಣಿನ ತಪಾಸಣಿ ಗಾಡಿ ಅಂತ ತಿಳದು ಪಾಳಿ ಹಚ್ಚಿಬಿಟ್ಟಿದ್ದ. ನನ್ನ ಬನಿಯನ್ ಅವತಾರ ನೋಡಿದ ಮ್ಯಾಲೆ ಹೀರೋ ಇಲ್ಲ ಅಂತ ಖಾತ್ರಿ ಆಗಿ ಎಲ್ಲಾರೂ ಹೋದ್ರು.

ಈ ಗಾಡಿ ಫೋಟೋದಾಗ ಭಾಳ ಚಂದ. ಬ್ಯಾಟ್ರಿ ಮ್ಯಾಲೆ ಫ್ಯಾನು, ಲೈಟು, ಫ್ರಿಡ್ಜು ಅಷ್ಟ ನಡಿತಾವ. ಎಸಿಗೆ ಒಂದಾ ಹೊರಗಿನ ಕರೆಂಟು ಬೇಕು, ಇಲ್ಲಾ ಜನರೇಟರ್ ಹಚ್ಚಬೇಕು, ಬಜಾರದ ನಡುವ ಜನರೇಟರ್ ಹಚ್ಚಿದ್ರ ಆ ಹೊಗಿಗೆ ಸದ್ದಿಗೆ ಅಂಗಡ್ಯಾರು ಸುಮ್ನಿರ್ತಾರೇನು. ತಗಡಿನ ಮೈ, ಮಧ್ಯಾಹ್ನ ಆಗೋತ್ತಿಗೆ ಸಿಂಕಿನ ನಳ ತಿರುವಿದ್ರ ಬರೋ ನೀರಿಗೆ ಚಹಾಪುಡಿ ಒಂದು ಹಾಕೋದು ಬಾಕಿ. ಫ್ರಿಡ್ಜು ಬಾಗಲಾ ಹುಡುಗ್ರು ಮ್ಯಾಲಿಂದ ಮ್ಯಾಲೆ ತೆಗದು ಅದರೊಳಗ ತಲಿ ಇಟ್ಟು ಕುಂತ್ರು, ಹಾಲು ಒಡೀತು. ಇಷ್ಟು ರೊಕ್ಕ ಕೊಟ್ಟು ತಂದ ಮನಿ ಬಿಟ್ಟು ಎಲ್ಲಾರೂ ಇಳದು ಕೋಟೆ ಕಡೆ ಓಡಿದ್ವಿ.

ಮತ್ತ ಒಂದು ಮಾತು. ಒಳಗೋಡಿಯೊಳಗಿನ ಆ ಉದ್ದನ ಕಲ್ಲು, 41 ಅಡಿಗೂ ಮಿಗಿಲು, ಒಂದ ಕಲ್ಲು, ನೀ ಕಾಲೇಜಿಗೆ ಹೋಗುವಾಗ ದಿನಾ ಆ ಕಡೆನ ಬಸ್ ಕಾಯ್ತಿದ್ದಿ, ನನಗ ಒಮ್ಮೆರ ಹೇಳಿಯೇನು? ಅದರ ಮ್ಯಾಲೆ 1294ರ ತೆಲುಗು ಶಾಸನ ಐತಿ, ಕಾಕತೀಯರ ಕಾಲದ ಗೋರೆ ಗಂಗಯ್ಯ ರೆಡ್ಡಿ ಅಪ್ಪಣಿಯಂಗ ವಿಠ್ಠಲನಾಥ ಅನ್ನೋನು ಈ ಕೋಟೆ ಕಟ್ಟಿಸಿದ ಅಂತ. ಶಾಸನ ನನಗ ಓದಾಕ ಬರಲ್ಲ ಬಿಡು, ಆದ್ರ ಅದರ ಜೋಡಿ ಒಂದು ಚಿತ್ರ ಕೆತ್ಯಾರ, ಅದನ್ನ ಓದಾಕ ಸಾಲಿ ಕಲಿಬೇಕಿಲ್ಲ. ಅದ ಕಲ್ಲನ್ನ ಬಂಡಿ ಮ್ಯಾಲೆ ಹೇರ್ಯಾರ, ಗಾಲಿಗೆ ಅರ ಇಲ್ಲ, ಇಡೀ ಗಾಲಿ, ಮುಂದ ಜೋಡಿ ಜೋಡಿ ಕ್ವಾಣಗಳ ಉದ್ದನ ಸಾಲು, ಅಟ್ಟೋ ಮಂದಿ, ಗಾಲಿ ಹತ್ರ ಸನ್ನಿಗೋಲು ಹಾಕಿ ಮೀಟೋ ಮಂದಿ. ರಾಜನ ಚಿತ್ರ ಅಲ್ಲ, ದೇವರದಲ್ಲ, ದುಡದೋರದು! ನಾ ಎಷ್ಟೋ ಕೋಟೆ ನೋಡೇನಿ, ಕೆಲಸ ಹೆಂಗ ಮಾಡಿದ್ರು ಅಂತ ಕೆತ್ತಿಟ್ಟಿದ್ದು ಇಲ್ಲೇ ನೋಡಿದ್ದು. ನನ್ನ ಮಗ "ಪಪ್ಪಾ ಅವಕ್ಕ ನೀರು ಯಾರು ಕುಡಿಸಿದ್ರು" ಅಂತ ಕೇಳ್ದ, ಆ ಬಿಸಿಲಾಗ ಅದಕ್ಕಿಂತ ಚಲೋ ಪ್ರಶ್ನಿ ಇಲ್ಲ ಬಿಡಪ.

1520ರಾಗ ಕೃಷ್ಣದೇವರಾಯ ಆದಿಲಶಾಹನ ಜೋಡಿ ಇದ ಕೋಟೆಗಾಗಿ ಗುದ್ದಾಡಿದ್ದೂ ಮೇ ತಿಂಗ್ಳಾಗ ಅಂತಾರ. ಕಬ್ಬಿಣದ ಅಂಗಿ ಹಾಕ್ಕೊಂಡು! ನಾವು ಕಾಟನ್ ಅಂಗ್ಯಾಗ ಸೋತು ಸುಣ್ಣ ಆಗಿ ದರ್ವಾಜಾ ಒಳಗಿನ ಕಟ್ಟಿ ಮ್ಯಾಲೆ ಬಿದ್ವಿ. ಆದ್ರ ಅಲ್ಲಿ ತಂಪಿತ್ತು ನೋಡು, ಖರೇ ಹೇಳ್ತೀನಿ. ಗೋಡಿ ಅಷ್ಟು ದಪ್ಪ, ಬಿಸಿಲು ಒಳಗ ಬರೋದ್ರಾಗ ಸಂಜಿ ಆಗ್ತದ, ಮ್ಯಾಲೆ ದಾರಿ ತಿರುವಿ ಕಟ್ಯಾರಲ್ಲ, ಸಣ್ಣಗ ಗಾಳಿ ಎಳೀತದ. ಅಲ್ಲೇ ಒಬ್ಬಾತ ತಳ್ಳುಗಾಡಿ ಬಿಟ್ಟು ಟವಲ್ ಹಾಸ್ಕೊಂಡು ಗೊರಕಿ ಹೊಡಿತಿದ್ದ, ನಮ್ಮ ಹುಡುಗ್ರೂ ಮಲಗಿದ್ವು. ಹೊರಗ ಅರವಟಿಗಿ, ಮಣ್ಣಿನ ಗುಡಾಣಕ್ಕ ಒದ್ದಿ ಗೋಣಿಚೀಲ ಸುತ್ತಿದ್ರು, ಆ ನೀರಿನ ಮುಂದ ನಮ್ಮ ಫ್ರಿಡ್ಜಿನ ಬಾಟ್ಲಿ ಏನೂ ಅಲ್ಲ.

1513ರ ಏಕ್ ಮಿನಾರ್ ಮಸೀದಿ ಹೊರಗಿಂದ ನೋಡಿದ್ವಿ, ಒಂದ ಮಿನಾರು, 65 ಅಡಿ ಎತ್ತರ, ಕತ್ತೆತ್ತಿದ್ರ ಸೂರ್ಯ ಕಣ್ಣಾಗ. ಸಂಜಿಮುಂದ ಮಾವಿನಕೆರೆ ಕಡೆ ಹೋಗಿ ಸುಸ್ಲಾ, ಮಿರ್ಚಿ ತಿಂದ್ವಿ. ಆ ಸೆಕಿಯಾಗೂ ಮಿರ್ಚಿ ಬಾಣಲಿ ಮುಂದ ಪಾಳಿ ಇರ್ತದಲ್ಲ, ನಿಮ್ಮೂರ ಮಂದಿಗೆ ಕೈ ಮುಗಿಬೇಕು.

ರಾತ್ರಿ ನಿಮ್ಮ ಮನಿ ಮುಂದ ಗಾಡಿ ಹಚ್ಚಿದ್ವಿ. ನಿಮ್ಮಪ್ಪಾರು ಗೀಸರ್ ಪಾಯಿಂಟಿನಿಂದ ವೈರ್ ಎಳದು ಕಿಟಕ್ಯಾಗಿಂದ ಕೊಟ್ರು, ಎಸಿ ಶುರು ಆತು, ಹುಡುಗ್ರು ಕುಣದ್ವು, ಅಷ್ಟರಾಗ ಓಣಿ ಕರೆಂಟ ಹೋತು. ನಿಮ್ಮವ್ವ "ಆ ಡಬ್ಬ್ಯಾಗ ಕುದೀಬ್ಯಾಡ್ರಿ, ಮ್ಯಾಲೆ ಬರ್ರಿ" ಅಂತ ಮಾಳಗಿಗೆ ನೀರು ಹೊಡದು, ಕೌದಿ ಹಾಸಿ, ಎಲ್ಲಾರನೂ ಅಲ್ಲೇ ಮಲಗಿಸಿದ್ರು. ಡಬಲ್ ಬೆಡ್ ಇದ್ದ ಗಾಡಿ ಕೆಳಗ ಖಾಲಿ ನಿಂತಿತ್ತು, ನಮ್ಮನಿಯಾಕಿ ಬಾಡಿಗಿ ಲೆಕ್ಕ ಹಾಕ್ಕೊಂತ ನಕ್ಕಿದ್ದ ನಕ್ಕಿದ್ದು.

ಮುಂಜಾನೆ ಬಿಸಿಲು ಏರೋದ್ರೊಳಗ ಮಸ್ಕಿಗೆ ಹೊಂಟ್ವಿ, ಅಶೋಕನ ಹೆಸರ ಇರೋ ಶಾಸನ ನೋಡಾಕ, 1915ರಾಗ ಸಿಕ್ಕಿದ್ದು. ಅದರ ಸುದ್ದಿ ಫೋನಿನಾಗ ಹೇಳ್ತೀನಿ.

ಮತ್ತ, ನಿಮ್ಮ ಪಡಸಾಲ್ಯಾಗಿನ ಕೂಲರಿನ ಪಂಪ್ ಕೆಟ್ಟೈತಿ, ಬರೇ ಬಿಸಿಗಾಳಿ ಹೊಡಿತೈತಿ. ನಾ ಮೆಕ್ಯಾನಿಕ್ ಕರಸ್ತೀನಿ ಅಂದ್ರ ನಿಮ್ಮಪ್ಪಾರು ಬ್ಯಾಡ ಅಂದ್ರು. ನೀ ಹೇಳಿದ್ರ ಕೇಳ್ತಾರ, ಇವತ್ತ ಫೋನ್ ಮಾಡು.

ನಿನ್ನ ದೋಸ್ತ