ಬಾಲ ಕಚ್ಚುವ ಬೆಕ್ಕು: ನಗುವ ವಿಷಯವಲ್ಲ

ಮಾನ್ಯರೇ,

ಬೆಕ್ಕು ತನ್ನ ಬಾಲವನ್ನೇ ಅಟ್ಟಿಸಿಕೊಂಡು ಹೋಗುವ ವಿಡಿಯೊ ನೋಡಿ ನಗುವವರೇ ಜಾಸ್ತಿ. ಮರಿಯಾದರೆ ಅದು ಆಟವೇ, ಬಿಡಿ. ಆದರೆ ಬೆಳೆದ ಬೆಕ್ಕು ಇದ್ದಕ್ಕಿದ್ದಂತೆ ತಿರುಗಿ ಗುರ್ ಎಂದು ಬಾಲ ಕಚ್ಚುತ್ತಿದ್ದರೆ, ಬೆನ್ನಿನ ಚರ್ಮ ಅದುರಿ, ಕಣ್ಣಿನ ಪಾಪೆ ಹಿಗ್ಗಿ ಮನೆ ತುಂಬಾ ಓಡುತ್ತಿದ್ದರೆ ಏನೋ ತೊಂದರೆ ಇದೆ ಎಂದರ್ಥ. ಚಿಗಟ, ಅಲರ್ಜಿ, ಬಾಲಕ್ಕೆ ಬಿದ್ದ ಪೆಟ್ಟು, ಏನು ಬೇಕಾದರೂ ಇರಬಹುದು. ಇವೇನೂ ಸಿಗದಿದ್ದಾಗ ವೈದ್ಯರು ಹೈಪರ್‌ಎಸ್ತೇಶಿಯಾ ಎಂಬ, ಬೆನ್ನಿನ ಚರ್ಮ ಅತಿ ಸೂಕ್ಷ್ಮವಾಗುವ ತೊಂದರೆಯನ್ನು ಶಂಕಿಸುತ್ತಾರೆ.

ಬಾಲದ ಬುಡದ ಕೂದಲು ಬಿಡಿಸಿ ನೋಡಿ. ಕರಿಮೆಣಸಿನ ಪುಡಿಯಂಥದ್ದು ಕಂಡರೆ ಒದ್ದೆ ಹತ್ತಿಗೆ ಒತ್ತಿ, ಕೆಂಪಗಾದರೆ ಅದು ಚಿಗಟದ ಹಿಕ್ಕೆ. ಹಾಗಂತ ನಾಯಿಗೆ ತಂದ ಔಷಧಿಯನ್ನು ಸುಮ್ನೆ ಹಚ್ಚಬೇಡಿ, ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿನ ಜೀವಕ್ಕೇ ಕುತ್ತು. ಪ್ಯಾರಸಿಟಮಾಲ್ ಕೂಡ ಬೆಕ್ಕಿಗೆ ವಿಷ. ಬಾಲ ಕಚ್ಚುವುದನ್ನು ಫೋನಿನಲ್ಲಿ ಹಿಡಿದು ಪಶುವೈದ್ಯರಿಗೆ ತೋರಿಸಿ. ಆಸ್ಪತ್ರೆಯ ಮೇಜಿನ ಮೇಲೆ ಬೆಕ್ಕು ಹಾಗೆಲ್ಲ ಮಾಡಿ ತೋರಿಸುವುದಿಲ್ಲ ಅಲ್ವಾ?

– ಒಬ್ಬ ಓದುಗ, ಶಿವಮೊಗ್ಗ