ಹೆಳವರ ಪುಸ್ತಕಗಳನ್ನು ಈಗಲೇ ಉಳಿಸಿಕೊಳ್ಳಿ

ಮಾನ್ಯ ಸಂಪಾದಕರೆ,

ವಂಶವೃಕ್ಷ ಬೇಕು ಅಂದರೆ ಎಲ್ಲರೂ ನಾಡಕಚೇರಿ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಸಿಗುವುದು ಆಸ್ತಿ ವಾಟ್ನಿಗೆ (ಪಾಲಿಗೆ) ಬೇಕಾದಷ್ಟು ಮಾತ್ರ. ಅಜ್ಜ, ಅಪ್ಪ, ಮಕ್ಕಳು, ಅಲ್ಲಿಗೆ ಮುಗೀತು. ಬ್ರಿಟಿಷರ ಕಾಲದಲ್ಲಿದ್ದ ಮುತ್ತಜ್ಜನ ಅಪ್ಪ ಯಾರು, ಯಾವ ಊರಿಂದ ಬಂದ, ಯಾಕೆ ಬಂದ ಅಂತ ಹುಡುಕಿಕೊಂಡು ಹೋದರೆ ಸರ್ಕಾರಿ ಕಾಗದ ಬಹಳ ದೂರ ಬರುವುದಿಲ್ಲ. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯಕ್ಕೆ ಜಮೀನಿನ ಹಕ್ಕು ದಾಖಲೆಯ ಕಾಯ್ದೆ ಬಂದದ್ದೇ 1903ರಲ್ಲಿ. ಅದಕ್ಕಿಂತ ಹಿಂದಿನ ಎಷ್ಟೋ ಕಾಗದ ಮರಾಠಿಯ ಹಳೇ ಕೂಡುಬರಹವಾದ ಮೋಡಿ ಲಿಪಿಯಲ್ಲಿವೆ, ಓದುವವರು ಸಿಗುವುದೇ ಕಷ್ಟ. ಜಮೀನೇ ಇಲ್ಲದ ಮನೆಯವರಂತೂ ಆ ದಾಖಲೆಯಲ್ಲಿ ಹುಡುಕಿದರೂ ಸಿಗುವುದಿಲ್ಲ.

ಆದರೆ ನಮ್ಮಲ್ಲಿ ಇನ್ನೊಂದು ದಾರಿ ಇದೆ, ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ತಮ್ಮ ಒಕ್ಕಲು ಮನೆಗಳಿಗೆ ಬಂದು, ಆ ಮನೆತನದ ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ತಮ್ಮ ಪುಸ್ತಕ ಓದಿ ಹೆಸರು ಹೇಳುವವರು. ಕಾಳುಕಡಿ, ದುಡ್ಡು, ಬಟ್ಟೆ ಕೊಟ್ಟು ಕಳಿಸುತ್ತೇವೆ. ಎಷ್ಟೋ ಮನೆಗಳಲ್ಲಿ ಅವರು ಓದುವಾಗ ಹುಡುಗರು ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ನನಗೆ ಇದು ನಿಜವಾಗಲೂ ನೋವಿನ ವಿಷಯ.

ನಮ್ಮ ಮನೆತನದ ಪುಟ ಓದುವಾಗ ಒಂದು ಹೆಸರಿನ ಹತ್ತಿರ ಹೆಳವರು ನಿಂತು, "ಈತ ಧಾತು ಸಂವತ್ಸರದ ಬರದಾಗ ಊರು ಬಿಟ್ಟು ಬಂದಾನ" ಅಂದರು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಹಾಗಾಗಿ ಧಾತು ಅಂದರೆ 1816 ಆಗಬಹುದು, 1876 ಆಗಬಹುದು, 1936 ಕೂಡ ಆಗಬಹುದು. ಅದರ ಮೇಲೆ ನಮ್ಮಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಪದ್ಧತಿ, ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಮತ್ತೆ ಬಸಪ್ಪ. ಯಾವ ಬಸಪ್ಪ ಅಂತ ತಿಳಿಯುವುದು ಹೇಗೆ? ಹಳೇ ಉತಾರ (ಪಹಣಿ) ತೆಗೆಸಿ ನೋಡಿದಾಗ ಅದೇ ಮನುಷ್ಯನ ಮೊಮ್ಮಗನ ಹೆಸರು ಹಕ್ಕು ದಾಖಲೆ ಶುರುವಾದ ಕಾಲದಲ್ಲೇ ಖಾತೆದಾರ ಅಂತ ಇತ್ತು. ಅಲ್ಲಿಗೆ 1936 ಬಿಟ್ಟುಹೋಯಿತು. 1816ಕ್ಕೆ ಲೆಕ್ಕ ಹಾಕಿದರೆ ಅಜ್ಜನಿಗೂ ಮೊಮ್ಮಗನಿಗೂ ನಡುವೆ ವರ್ಷ ತೀರಾ ಜಾಸ್ತಿ ಆಗುತ್ತಿತ್ತು. ಉಳಿದದ್ದು 1876. ಧಾರವಾಡದ ಮೂಡಣ ಭಾಗ, ವಿಜಯಪುರ ಕಡೆ ಜನ, ದನ ಎರಡೂ ಸತ್ತು ಊರೂರೇ ಬರಿದಾದ, ಧಾತು ಮತ್ತು ಅದರ ಮುಂದಿನ ಈಶ್ವರ ಸಂವತ್ಸರದ ಆ ಧಾತು ಈಶ್ವರ ಬರ. ಹೆಳವರು ಹೇಳಿದ್ದಕ್ಕೆ ಉತಾರ ಸಾಕ್ಷಿ ಆಯಿತು. ಎರಡರಲ್ಲಿ ಒಂದೇ ಇದ್ದಿದ್ದರೆ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. (ಹೆಣ್ಣುಮಕ್ಕಳ ಹೆಸರು ಮಾತ್ರ ನಮ್ಮ ಪುಟಗಳಲ್ಲಿ ತೀರಾ ಕಡಿಮೆ. ಅದನ್ನು ಅಜ್ಜಿಯರ ತವರಿಗೆ ಹೋಗಿಯೇ ಕೇಳಬೇಕು.)

ಈಗ ಹೆಳವರ ಮಕ್ಕಳು ಓದುತ್ತಿದ್ದಾರೆ, ನೌಕರಿಗೆ ಹೋಗುತ್ತಿದ್ದಾರೆ. ಹೋಗಲೇಬೇಕು, ನಮ್ಮ ವಂಶ ಹೇಳಲಿಕ್ಕೆ ಅವರು ಊರೂರು ಅಲೆಯುತ್ತಲೇ ಇರಲಿ ಅನ್ನುವುದು ಅನ್ಯಾಯ. ಆದರೆ ಆ ಪುಸ್ತಕಗಳ ಗತಿ ಏನು? ಅಣ್ಣತಮ್ಮಂದಿರು ಒಕ್ಕಲು ಹಂಚಿಕೊಂಡಾಗ ಪುಸ್ತಕವೂ ಚದುರುತ್ತದೆ. ಉಳಿದದ್ದು ಮಳೆ, ಗೆದ್ದಲಿನ ಪಾಲು. ಹರಿದ್ವಾರದ ಪಂಡಾಗಳ (ತೀರ್ಥದ ಪುರೋಹಿತರ) ವಂಶಾವಳಿ ಬಹಿಗಳನ್ನು, ಅಂದರೆ ಪುಸ್ತಕಗಳನ್ನು, ಅಮೆರಿಕದ ಯೂಟಾದ ಒಂದು ಸಂಸ್ಥೆ 1970ರ ದಶಕದಲ್ಲೇ ಮೈಕ್ರೋಫಿಲ್ಮ್ ಮಾಡಲು ಶುರು ಮಾಡಿತ್ತು. ಅಷ್ಟು ದೂರದವರಿಗೆ ಬೇಕಾದದ್ದು ನಮಗೆ ಬೇಡವೇ?

ರಾಜ್ಯ ಪತ್ರಾಗಾರ ಇಲಾಖೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಸೇರಿ ಈ ಕೆಲಸ ಕೈಗೆತ್ತಿಕೊಳ್ಳಲಿ. ಹೆಳವರ ಮನೆಗೇ ಹೋಗಿ ಪುಟ ಪುಟ ಫೋಟೋ ತೆಗೆಯಲಿ, ಮೂಲ ಪುಸ್ತಕ ಅವರ ಹತ್ತಿರವೇ ಇರಲಿ, ಸುಮ್ನೆ ಶಾಲು ಹೊದಿಸಿ ಕಳಿಸದೆ ಕೈತುಂಬ ಸಂಭಾವನೆ ಕೊಡಲಿ. ದತ್ತು, ಎರಡನೇ ಮದುವೆಯಂಥ ಮನೆಯೊಳಗಿನ ಸಂಗತಿಗಳೂ ಅದರಲ್ಲಿರುತ್ತವೆ, ಆ ಮನೆತನ ಒಪ್ಪದೆ ಯಾರಿಗೂ ತೋರಿಸಬಾರದು.

ಓದುಗರಲ್ಲೂ ಒಂದು ವಿನಂತಿ. ಈ ಸಲ ಹೆಳವರು ಬಂದರೆ ಮನೆಮಂದಿ ಎಲ್ಲ ಕೂತು ಕೇಳಿ. ಅವರನ್ನು ಕೇಳಿಕೊಂಡೇ ರೆಕಾರ್ಡ್ ಮಾಡಿ. ಹಳೇ ಊರು, ಮನೆದೇವರು, ಬೆಡಗು (ಕುಲದ ಒಳಪಂಗಡ), ಸಂವತ್ಸರ ಈ ನಾಲ್ಕನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ.

— ಒಬ್ಬ ಓದುಗ, ನವಲಗುಂದ ತಾಲ್ಲೂಕು